ಕೈ ಮೇಲಿನ ನಾಲ್ಕಾಣೆ

ಅವರ ಮುಖವನ್ನು ನಾನು ಹತ್ತಿರದಿಂದ ನೋಡಿರುವುದು ಎರಡೇ ಸಲ. ಮೊದಲ ಸಲ ಅವರು ನನ್ನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಎರಡನೆಯ ಸಲ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಫೋಟೋ ಆಗಿದ್ದರು. ಉಳಿದದ್ದೆಲ್ಲ ಕನ್ನಡಿಯಲ್ಲಿ ಕದ್ದು ನೋಡಿದ್ದು.

ಹೆಸರು ಬರೆಯುವುದಿಲ್ಲ. ಆ ಹೆಸರಿಗೆ ಒಂದು ಮಾತು ಅಂಟಿಸಿ ಬೀದಿಗೆ ಬಿಟ್ಟವನು ನಾನೇ. ಈಗ ಮತ್ತೆ ಬರೆದರೆ ಹಳಬರಿಗೆ ಮೊದಲು ನೆನಪಾಗುವುದು ಆ ಮಾತು. ಮೇಷ್ಟ್ರು ಎಂದರೆ ಸಾಕು, ಲಷ್ಕರ್ ಮೊಹಲ್ಲಾದ ನಮ್ಮ ಬೀದಿ ಅವರನ್ನು ಕರೆಯುತ್ತಿದ್ದುದೂ ಹಾಗೇ. ನಾನು ಓದಿರುವುದು ಏಳನೇ ಕ್ಲಾಸು. ಇದನ್ನು ಟೈಪು ಮಾಡಿಕೊಡಲು ನನ್ನ ತಂಗಿಗಿಂತ ಸರಿಯಾದವರು ಇಲ್ಲ. ಆದರೂ ಬೇರೆಯವರ ಕೈಯಲ್ಲಿ ಮಾಡಿಸಿದ್ದೇನೆ. ಯಾಕೆಂದು ಓದಿದ ಮೇಲೆ ಅವಳಿಗೇ ತಿಳಿಯುತ್ತದೆ.

ನಮ್ಮದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆ ಫೋಟೋ, ತೀರಿಕೊಂಡವರ ಫೋಟೋ, ಜೊತೆಗೆ ಕನ್ನಡಿ ಮಾರಾಟ. ಅಪ್ಪ ಹೋದ ಮೇಲೆ ಹದಿಮೂರನೇ ವಯಸ್ಸಿಗೇ ಗಾಜು ಕತ್ತರಿಸಲು ಕೂತವನು ನಾನು. ಹೊಸ ಗಾಜು ಬಂದರೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತೇವೆ. ಕಣ್ಣಿಗೆ ಕಾಣದ ಬಿರುಕಿದ್ದರೆ ದನಿ ಒಡಕಾಗಿರುತ್ತದೆ. ಹಾಗೆ ತಟ್ಟಿ ನೋಡುವುದು ಗಾಜಿಗೇ ನಿಲ್ಲಲಿಲ್ಲ. ಯಾರಾದರೂ ಒಳ್ಳೆಯ ಮಾತಾಡಿದರೆ ಒಳಗೆ ಏನಿರಬಹುದು ಎಂದು ಹುಡುಕುವುದು ನನ್ನ ಸ್ವಭಾವವಾಗಿಬಿಟ್ಟಿತು. ನಮ್ಮಮ್ಮ ಹೇಳುತ್ತಿದ್ದಳು, 'ಇವ್ನಿಗೆ ದೇವ್ರು ಪ್ರತ್ಯಕ್ಷ ಆದ್ರೂ ಯಾವೂರು ಅಂತ ಕೇಳ್ತಾನೆ ಕಣಮ್ಮ.'

ಎದುರು ಸಾಲಿನಲ್ಲಿ ಪಾತ್ರೆ ಅಂಗಡಿಯ ಮಹಡಿಯ ಮೇಲೆ ಮೇಷ್ಟ್ರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಬೆಳಗಿನಿಂದ ಸಂಜೆಯವರೆಗೆ ಟಕಟಕ ಸದ್ದು. ಅಗಲವಾಗಿ ವಿಭೂತಿ, ಮಾಸಲು ಬುಷ್ ಶರ್ಟು, ಕುತ್ತಿಗೆಯಲ್ಲಿ ಕಪ್ಪು ದಾರದಿಂದ ಇಳಿಬಿದ್ದ ಸ್ಟಾಪ್‌ವಾಚು. ಟೈಪಿಂಗ್ ಪರೀಕ್ಷೆಗೆ ನಿಮಿಷಕ್ಕೆ ಎಷ್ಟು ಪದ ಎಂದು ಅಳೆದೂ ಅಳೆದೂ ಅವರಿಗೆ ಕೊನೆಗೆ ಎಲ್ಲವನ್ನೂ ಅಳೆಯುವ ಅಭ್ಯಾಸವಾಗಿತ್ತು. ಹೋಟೆಲಿನಲ್ಲಿ ಕಾಫಿಗೆ ಹೇಳಿ ಗುಂಡಿ ಒತ್ತುತ್ತಿದ್ದರು. ಲೋಟ ಮೇಜಿನ ಮೇಲೆ ಬಂದ ಕೂಡಲೇ ಮತ್ತೊಮ್ಮೆ ಒತ್ತಿ, 'ನಿನ್ನೆಗಿಂತ ಹನ್ನೆರಡು ಸೆಕೆಂಡು ಬೇಗ ಕಣಪ್ಪ, ಸಂತೋಷ' ಎನ್ನುತ್ತಿದ್ದರು. ಬೈಯುತ್ತಿರಲಿಲ್ಲ, ತಡವಾದ ದಿನ ಏನೂ ಹೇಳುತ್ತಿರಲಿಲ್ಲ. ಬೀದಿಯವರು ನಗುತ್ತಿದ್ದರು. ನಾನು ನಗಲಿಲ್ಲ. ಇಷ್ಟು ಲೆಕ್ಕಾಚಾರದ ಮನುಷ್ಯ ಒಳಗೊಳಗೆ ಇನ್ನೇನು ಲೆಕ್ಕ ಹಾಕುತ್ತಿರಬಹುದು ಎಂದುಕೊಳ್ಳುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಟಕಟಕ ಸದ್ದು ನಿಂತಿತು. ಟೈಪ್‌ರೈಟರುಗಳು ಇಳಿದವು, ಮೂರು ಕಂಪ್ಯೂಟರು ಹತ್ತಿದವು. ಬೋರ್ಡಿನಲ್ಲಿ 'ಟೈಪಿಂಗ್' ಎನ್ನುವುದರ ಪಕ್ಕದಲ್ಲಿ ಹೊಸ ಬಣ್ಣದಲ್ಲಿ 'ಮತ್ತು ಕಂಪ್ಯೂಟರ್' ಎಂದು ಸೇರಿತು. ಅರವತ್ತು ಸಮೀಪಿಸಿದ ಮನುಷ್ಯ ತಾನೇ ಪುಸ್ತಕ ನೋಡಿಕೊಂಡು ಕಲಿತು ಕಲಿಸಲು ಶುರುಮಾಡಿದರು. ನನ್ನ ತಂಗಿ ಪಿ.ಯು.ಸಿ. ಮುಗಿಸಿ ಅಲ್ಲಿಗೆ ಸೇರಿದಳು. ಬನ್ನಿಮಂಟಪದ ಕಡೆ ಒಂದು ಕಂಪನಿಯಲ್ಲಿ ಕಂಪ್ಯೂಟರಿನ ಕೆಲಸಕ್ಕೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ, ಪರೀಕ್ಷೆ ಇದೆ ಎಂದು ಅವಳಿಗೆ ಗೊತ್ತಾಗಿತ್ತು.

ಅವಳ ಬಲಗೈ ತೋರುಬೆರಳು ಸರಿಯಿಲ್ಲ. ಚಿಕ್ಕಂದಿನಲ್ಲಿ ಉಗುರುಸುತ್ತು ಆಗಿತ್ತು. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿ ಒಂದು ವಾರ ಮನೆಯಲ್ಲೇ ಕಾದೆವು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕೀವು ಒಳಗೆ ಇಳಿದಿತ್ತು. ಗಾಯ ಮಾಯಿತು, ತುದಿಯ ಗೆಣ್ಣು ಮಾತ್ರ ಬಿರುಸಾಗಿ ಉಳಿಯಿತು. ಅನ್ನ ಕಲಸುತ್ತಾಳೆ, ಬರೆಯುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಚಕಚಕನೆ ಏನಾದರೂ ಮಾಡಬೇಕೆಂದರೆ ಆ ಬೆರಳು ಒಂದು ಗಳಿಗೆ ಹಿಂದೆ ಬೀಳುತ್ತದೆ.

ಕ್ಲಾಸಿಗೆ ಹೋಗಲು ಶುರುಮಾಡಿದ ಎರಡನೇ ವಾರದಿಂದ ಅವಳು ಮನೆಯಲ್ಲಿ ಎಲ್ಲದರ ಮೇಲೂ ತಟ್ಟತೊಡಗಿದಳು. ಲೋಟದ ಮೇಲೆ, ಬಾಗಿಲ ಮೇಲೆ, ಮಡಿಸಿದ ಬಟ್ಟೆಯ ಮೇಲೆ. ಟಕ್‌ಟಕ್, ಸ್ವಲ್ಪ ಬಿಟ್ಟು ಮತ್ತೆ ಟಕ್‌ಟಕ್. ನಮ್ಮ ಮನೆಯ ಗೋಡೆಯ ಆಚೆ ಇನ್ನೊಂದು ಮನೆ, ಅಲ್ಲಿ ಬಾಡಿಗೆಗೆ ಇಬ್ಬರು ಹುಡುಗರಿದ್ದರು. ನಾನು ಎರಡು ದಿನ ಗೋಡೆಗೆ ಕಿವಿ ಇಟ್ಟು ನೋಡಿದೆ. ಆ ಕಡೆಯಿಂದ ಉತ್ತರ ಬರಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ ಅವಳು ಅಮ್ಮನಿಗೆ ಹೇಳುತ್ತಿದ್ದಳು.

'ಇವತ್ತು ಒಂಬತ್ತು ಸಲ ಎದ್ದಿತು ಕಣಮ್ಮ.'

'ಯಾವ್ದು ಎದ್ದಿದ್ದು?' ಎಂದು ನಾನು ಕೇಳಿದೆ.

'ಗೊಂಬೆ.'

'ಯಾವ ಗೊಂಬೆ?'

'ಪೆಟ್ಟಿಗೇಲಿರೋ ಗೊಂಬೆ ಅಣ್ಣ. ಬೇಗ ಒತ್ತಿದ್ರೆ ಎದ್ದೇಳುತ್ತೆ. ಮೇಷ್ಟ್ರು ಲೆಕ್ಕ ಇಡ್ತಾರೆ.'

ಅಮ್ಮ ನಕ್ಕಳು. 'ಇಷ್ಟು ವಯಸ್ಸಾದ್ಮೇಲೆ ಗೊಂಬೆ ಆಡ್ಸೋಕೆ ಹೋಗ್ತಾ ಇದ್ದೀಯೇನೇ?' ನನಗೆ ನಗು ಬರಲಿಲ್ಲ. ಅಣ್ಣ ಓದಿಲ್ಲ, ಏನು ಹೇಳಿದರೂ ನಂಬುತ್ತಾನೆ ಎಂದು ಅವಳು ಅಂದುಕೊಂಡಿದ್ದಾಳೆ ಎನಿಸಿತು.

ಮರುದಿನ ಅಂಗಡಿಯ ಮುಂದೆ ನೇತುಹಾಕಿದ್ದ ದೊಡ್ಡ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿದೆ. ಗಾಜು ಕತ್ತರಿಸುವ ಮಣೆಯ ಮುಂದೆ ಕೂತರೆ ಅದರಲ್ಲಿ ಎದುರು ಮಹಡಿಯ ಕಿಟಕಿ ಕಾಣುತ್ತಿತ್ತು. ಗಿರಾಕಿಗಳು ಮುಖ ನೋಡಿಕೊಳ್ಳಲು ಬಂದು, 'ಇದೇನ್ರೀ, ಕನ್ನಡೀಲಿ ನಾನೇ ಕಾಣ್ತಿಲ್ಲ' ಎಂದರೆ ಮೊಳೆ ಸಡಿಲವಾಗಿದೆ ಎನ್ನುತ್ತಿದ್ದೆ.

ಮೂರು ದಿನ ಏನೂ ಕಾಣಲಿಲ್ಲ. ಮೇಷ್ಟ್ರು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಓಡಾಡುತ್ತಿದ್ದರು, ಅಷ್ಟೇ. ನಾಲ್ಕನೆಯ ದಿನ ನನ್ನ ತಂಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವರು ಬಗ್ಗಿದರು. ಅವಳ ಕೈಯ ಮೇಲೆ ತಮ್ಮ ಬೆರಳುಗಳನ್ನು ಇಟ್ಟರು. ತೆಗೆದರು. ಸ್ವಲ್ಪ ಹೊತ್ತಿಗೆ ಮತ್ತೆ ಬಗ್ಗಿ ಮತ್ತೆ ಇಟ್ಟರು. ಅವಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ, ನಗುತ್ತಿದ್ದಳು.

ಆ ಕ್ಷಣವೇ ಮೇಲೆ ಹತ್ತಿ ಹೋಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಾನು ಹೋದದ್ದು ಪಕ್ಕದ ಬೀಡಾ ಅಂಗಡಿಗೆ. ಅಲ್ಲಿನ ಯಜಮಾನರು ಸುಣ್ಣ ಸವರುತ್ತಾ ನನ್ನ ಮುಖ ನೋಡಿದರು.

'ಯಾಕೆ, ಮುಖ ಅಂಗೆ ಮಾಡ್ಕೊಂಡಿದ್ದೀರಿ?'

'ಏನಿಲ್ಲ. ಮೇಲ್ಗಡೆ ಪಾಠ ನೋಡ್ದೆ. ಹೆಣ್ಣುಮಕ್ಕಳ ಕೈ ಹಿಡ್ಕೊಂಡು ಪಾಠ.'

'ಮೇಷ್ಟ್ರಾ?'

'ಕಣ್ಣಾರೆ ನೋಡಿದ್ದೀನಿ ಕಣ್ರೀ.'

ಅವರು ಬೀಡಾ ಮಡಿಸಿ ಕೈಗೆ ಕೊಟ್ಟರು. ನನ್ನ ತಂಗಿಯ ಹೆಸರನ್ನು ನಾನು ಎತ್ತಲಿಲ್ಲ. ನಮ್ಮ ಮನೆಯ ಮರ್ಯಾದೆಯನ್ನು ಜೋಪಾನ ಮಾಡಿಕೊಂಡೇ ಅವರದನ್ನು ಬೀದಿಗೆ ಇಟ್ಟೆ.

ಅದಾದ ಎರಡು ದಿನಕ್ಕೆ ತಂಗಿಯ ಚೀಲ ಶೋಧಿಸಿದೆ. ನೋಟ್‌ಬುಕ್ಕಿನ ನಡುವೆ ಚಿಕ್ಕ ಚಿಕ್ಕ ಚೀಟಿಗಳ ಒಂದು ಕಟ್ಟು ಇತ್ತು. ಮೇಷ್ಟ್ರ ಕೈಬರಹ, ಮುತ್ತು ಪೋಣಿಸಿದ ಹಾಗೆ. ಒಂದೊಂದರಲ್ಲೂ ತಾರೀಖು, ಕೆಳಗೆ ಅಂಕಿಗಳು: ಏಳು, ಒಂಬತ್ತು, ಎಂಟು, ಒಂಬತ್ತು, ಹನ್ನೊಂದು. ಅವುಗಳ ಕೆಳಗೆ ಕೆಂಪು ಶಾಯಿಯಲ್ಲಿ, 'ಬೆರಳು ಪರವಾಗಿಲ್ಲ. ಮಣಿಕಟ್ಟು ಇನ್ನೂ ನಡುಗುತ್ತಿದೆ. ಭಯ ಬೇಡ.' ನನ್ನ ತಂಗಿಯ ಬೆರಳಿನ ಬಗ್ಗೆ, ನಡುಕದ ಬಗ್ಗೆ ಬರೆಯಲು ಈ ಮನುಷ್ಯ ಯಾರು? ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ಮಧ್ಯಾಹ್ನ ಮಹಡಿ ಹತ್ತಿದೆ.

ಬಾಗಿಲು ಹಾಕಿರುತ್ತದೆ ಎಂದುಕೊಂಡಿದ್ದೆ. ಬಾಗಿಲು ಗೋಡೆಗೆ ತಾಗುವಷ್ಟು ತೆರೆದಿತ್ತು. ಗಾಳಿಗೆ ಮುಚ್ಚದ ಹಾಗೆ ಅದಕ್ಕೆ ಒಂದು ಹಳೆಯ ಟೈಪ್‌ರೈಟರನ್ನು ಅಡ್ಡ ಇಟ್ಟಿದ್ದರು. ಒಳಗೆ ಮೇಷ್ಟ್ರು ಒಬ್ಬರೇ ಇದ್ದರು. ನಾನು ಚೀಟಿಗಳನ್ನು ಮೇಜಿನ ಮೇಲೆ ಎಸೆದೆ.

'ಏನ್ ಮೇಷ್ಟ್ರೇ ಇದು?'

ಅವರು ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ತಾರೀಖಿನ ಪ್ರಕಾರ ಜೋಡಿಸಿದರು. ಮುಖ ಅರಳಿತು.

'ಓಹೋ, ನೀವು ಅವಳ ಅಣ್ಣನೋರಾ? ಎದುರುಗಡೆ ಕನ್ನಡಿ ಅಂಗಡಿಯೋರು. ಬನ್ನಿ ಸ್ವಾಮಿ, ಬನ್ನಿ. ಮನೆಯೋರು ಬಂದು ವಿಚಾರಿಸಿದ್ದು ನೀವೇ ಮೊದಲು. ನೋಡಿ, ಏಳರಿಂದ ಶುರು. ಈಗ ಹನ್ನೊಂದಕ್ಕೆ ಬಂದಿದ್ದಾಳೆ.'

'ಏನು ಹನ್ನೊಂದು?'

'ಕೂತ್ಕೊಳಿ. ಹೇಳಿದ್ರೆ ಅರ್ಥ ಆಗಲ್ಲ. ನಿಮ್ದೂ ನೋಡೇಬುಡಣ.'

ಜಗಳಕ್ಕೆ ಹೋದವನನ್ನು ಹೆಗಲು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ತಾವೂ ಕೂತರು. ಪರದೆಯ ಮೇಲೆ ಒಂದು ಪುಟ್ಟ ಪೆಟ್ಟಿಗೆಯ ಚಿತ್ರ ಇತ್ತು. ಮೌಸಿನ ಗುಂಡಿಯನ್ನು ಬೇಗಬೇಗ ಎರಡು ಸಲ ಒತ್ತಿದರೆ ಅದರೊಳಗಿಂದ ಒಂದು ಗೊಂಬೆ ಎದ್ದು ನಿಲ್ಲುತ್ತದೆ, ಮತ್ತೆ ಹಾಗೇ ಒತ್ತಿದರೆ ಒಳಗೆ ಹೋಗುತ್ತದೆ. ಎರಡು ಒತ್ತಿನ ನಡುವೆ ತಡವಾದರೆ ಕಂಪ್ಯೂಟರಿಗೆ ಅದು ಎರಡು ಬೇರೆ ಒತ್ತು. ಗೊಂಬೆ ಏಳುವುದಿಲ್ಲ, ಫೈಲೂ ತೆರೆಯುವುದಿಲ್ಲ. ನಡುವೆ ಕೈ ಜರುಗಿದರೂ ಅಷ್ಟೇ. ಕೆಳಗೆ ಒಂದು ಗೀಟು, ಅದರ ಮೇಲೆ ಒಂದು ಕೀಲು. ಕೀಲನ್ನು ಎಡಕ್ಕೆ ಎಳೆದರೆ ನಿಧಾನದ ಕೈಗೂ ಗೊಂಬೆ ಏಳುತ್ತದೆ, ಬಲಕ್ಕೆ ಎಳೆದಷ್ಟೂ ಬೇಗ ಒತ್ತಬೇಕು.

'ಎಡಗಡೆಗೇ ಇಟ್ಬುಟ್ರೆ ಆಗಲ್ವಾ?' ಎಂದೆ. ಸಿಟ್ಟಿನಲ್ಲೂ ಆ ಪ್ರಶ್ನೆ ಬಂತು.

'ಅವಳೂ ಇದೇ ಕೇಳಿದ್ಲು. ಇದು ನಮ್ಮ ಮಿಷನ್ನು. ಪರೀಕ್ಷೆ ದಿನ ಅವರ ಮಿಷನ್ನು. ಅಲ್ಲಿ ಹೋಗಿ, ಸ್ವಾಮಿ ನಂದು ಬೆರಳು ಬಿರುಸು, ನಿಮ್ಮ ಕೀಲು ತಿರುಗಿಸ್ತೀನಿ ಅನ್ನೋಕಾಗುತ್ತಾ? ಅದಕ್ಕೇ ವಾರಕ್ಕೊಂದು ಕೂದಲೆಳೆಯಷ್ಟು ಬಲಕ್ಕೆ ಜರುಗಿಸ್ತೀನಿ. ಅವಳಿಗೆ ಹೇಳಿಲ್ಲ. ನೀವೂ ಹೇಳ್ಬೇಡಿ. ಗೊತ್ತಾದ್ರೆ ಭಯ ಬೀಳ್ತಾಳೆ.'

ಆಮೇಲೆ ಮೇಜಿನ ಡ್ರಾಯರಿನಿಂದ ಒಂದು ನಾಲ್ಕಾಣೆ ತೆಗೆದರು. ನನ್ನ ಕೈಯನ್ನು ಮೌಸಿನ ಮೇಲೆ ಇರಿಸಿ, ಬಗ್ಗಿ, ಎರಡು ಬೆರಳಿನಿಂದ ಆ ನಾಣ್ಯವನ್ನು ನನ್ನ ಕೈಯ ಹಿಂಭಾಗದ ಮೇಲೆ ಇಟ್ಟರು. ಟೈಪಿಂಗ್ ಕಲಿಸುವಾಗ ಮಣಿಕಟ್ಟು ಕುಣಿಯಬಾರದೆಂದು ಹೀಗೇ ಇಡುತ್ತಿದ್ದರಂತೆ. ನಾನು ಕನ್ನಡಿಯಲ್ಲಿ ನೋಡಿದ್ದು ಅದೇ ಬಗ್ಗುವಿಕೆ, ಅವೇ ಎರಡು ಬೆರಳು. ಬೀದಿಯ ಈಚೆಯಿಂದ ನಾಣ್ಯ ಕಂಡಿರಲಿಲ್ಲ.

ಸ್ಟಾಪ್‌ವಾಚು ಒತ್ತಿದರು. ಹತ್ತು ಸೆಕೆಂಡು. ಮೊದಲ ಒತ್ತಿಗೇ ನಾಣ್ಯ ಬಿತ್ತು. ಅದು ಮೇಜಿನ ಕೆಳಗೆ ಉರುಳಿತು. ಆ ವಯಸ್ಸಾದ ಮನುಷ್ಯ ಮಂಡಿಯೂರಿ ನನ್ನ ಕಾಲ ಹತ್ತಿರ ತಡಕಿ ಅದನ್ನು ಎತ್ತಿಕೊಂಡು, ಮತ್ತೆ ನನ್ನ ಕೈ ಮೇಲೆ ಇಟ್ಟರು.

'ಪರವಾಗಿಲ್ಲ ಸ್ವಾಮಿ. ಮೊದಮೊದಲು ಎಲ್ರುದೂ ಬೀಳುತ್ತೆ.'

ಗೊಂಬೆ ನನಗೆ ಎದ್ದದ್ದು ನಾಲ್ಕು ಸಲ. ಅವರು ಚೀಟಿ ಹರಿದು ತಾರೀಖು ಬರೆದು, ನಾಲ್ಕು ಎಂದು ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ, 'ಗಾಜಿನ ಕೈ. ಒತ್ತುವುದು ಹೆಚ್ಚು, ಮುಟ್ಟಿದರೆ ಸಾಕು' ಎಂದು ಬರೆದು ನನಗೆ ಕೊಟ್ಟರು. ಪರೀಕ್ಷೆಯಲ್ಲಿ ಟೈಪಿಂಗ್ ವೇಗ ನೋಡುವ ಹಾಗೆ ಈ ವೇಗವನ್ನೂ ಗಡಿಯಾರ ಹಿಡಿದು ನೋಡುತ್ತಾರೆ ಎಂದು ಅವರು ಪೂರ್ತಿ ನಂಬಿದ್ದರು. ಮೂವತ್ತು ವರ್ಷ ಬೆರಳುಗಳನ್ನು ಅಳೆದವರಿಗೆ ಅಳೆಯದ ಪರೀಕ್ಷೆಯೊಂದು ಇರಬಹುದು ಎಂದು ಹೊಳೆಯುವುದಾದರೂ ಹೇಗೆ?

ಮೆಟ್ಟಿಲು ಇಳಿಯುವಾಗ ನನಗೆ ಎಲ್ಲ ಅರ್ಥವಾಗಿತ್ತು. ಆದರೂ ಕೊನೆಯ ಮೆಟ್ಟಿಲಿನಲ್ಲಿ ಹಳೆಯ ಬುದ್ಧಿ ಎದ್ದಿತು. ನಾನು ಬರುತ್ತೇನೆಂದು ಗೊತ್ತಿದ್ದೇ ಹೀಗೆ ಮಾಡಿ ತೋರಿಸಿದರೋ? ಬಾಗಿಲು ದಿನಾ ತೆರೆದಿರುತ್ತದೋ, ಇವತ್ತು ಮಾತ್ರವೋ? ತಪ್ಪೊಪ್ಪಿಕೊಳ್ಳುವುದಕ್ಕಿಂತ ಅನುಮಾನ ಪಡುವುದು ನನಗೆ ಸುಲಭವಾಗಿತ್ತು.

ಬೀಡಾ ಅಂಗಡಿಯವರು ಕಾಯುತ್ತಿದ್ದರು. ಪಕ್ಕದಲ್ಲಿ ಇನ್ನಿಬ್ಬರು ನಿಂತಿದ್ದರು.

'ಮೇಲೆ ಹೋಗಿ ಬಂದ್ರಲ್ಲ. ಎಂಗೆ?'

'ಅದು ನಾನು ಅಂದ್ಕೊಂಡಂಗಲ್ಲ' ಎನ್ನಬೇಕಿತ್ತು. ಮೂರು ಪದ. ಆದರೆ ಅವರು ಮೂವರೂ ನನ್ನ ಮುಖ ನೋಡುತ್ತಿದ್ದರು. ಕಣ್ಣಾರೆ ನೋಡಿದ್ದೇನೆ ಎಂದವನು ನಾನೇ. ಈಗ ನೋಡಿದ್ದು ನಾಲ್ಕಾಣೆ ಎಂದರೆ ಬೀದಿಯೆಲ್ಲ ನಗುತ್ತದೆ.

'ಬುಡಿ ಆ ಮಾತು' ಎಂದೆ.

'ಬುಟ್ವಿ ಬುಡಿ' ಎಂದರು. ಅವರು ಬಿಡಲಿಲ್ಲ.

ಇಂಥ ಮಾತನ್ನು ಯಾರೂ ಯಾರ ಮುಖದ ಮೇಲೂ ಆಡುವುದಿಲ್ಲ. ಒಬ್ಬ ಹುಡುಗಿಯ ತಾಯಿ ಬಂದು ಮನೆಯಲ್ಲಿ ಕೆಲಸ ಜಾಸ್ತಿ ಎಂದರಂತೆ. ಇನ್ನೊಬ್ಬಳಿಗೆ ಗಂಡು ನೋಡುತ್ತಿದ್ದೇವೆ ಎಂದರಂತೆ. ಉಳಿದವರು ಹೇಳದೆಯೇ ನಿಂತರು. 'ಹೋಗ್ಲಿ, ಅನುಕೂಲ ಆದಾಗ ಬರ್ಲಿ' ಎಂದು ಮೇಷ್ಟ್ರು ಎಲ್ಲರಿಗೂ ಹೇಳಿದರಂತೆ. ಇದನ್ನೆಲ್ಲ ನನಗೆ ಹೇಳುತ್ತಿದ್ದವಳು ತಂಗಿ. ನಾನು ಅವಳನ್ನು ತಡೆಯಲಿಲ್ಲ. ಅಲ್ಲಿ ಏನೂ ಇಲ್ಲ ಎಂದು ಬೀದಿಯಲ್ಲಿ ನನ್ನಷ್ಟು ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲವಲ್ಲ.

'ಅಣ್ಣ, ಇವತ್ತು ನಾನೊಬ್ಳೇ' ಎಂದಳು ಒಂದು ದಿನ. 'ಮೇಷ್ಟ್ರು ಮೂರು ಮಿಷನ್ನೂ ಆನ್ ಮಾಡ್ಕೊಂಡು ಕೂತಿದ್ರು. ಯಾಕಣ್ಣ ಯಾರೂ ಬರ್ತಿಲ್ಲ?'

'ನಂಗೇನ್ ಗೊತ್ತು' ಎಂದೆ.

ಪರೀಕ್ಷೆಯ ಹಿಂದಿನ ದಿನ ಅವಳಿಗೆ ಹದಿನಾರು ಬಂತು. ಕೀಲು ಎಲ್ಲಿತ್ತೋ ಅವಳಿಗೆ ಗೊತ್ತಿಲ್ಲ. ನಡುವಿಗಿಂತ ಸಾಕಷ್ಟು ಬಲಕ್ಕೇ ಇದ್ದಿರಬೇಕು. ಪರೀಕ್ಷೆ ಮುಗಿಸಿ ಬಂದವಳು ನಗುತ್ತಾ ನನ್ನ ಅಂಗಡಿಗೇ ಬಂದಳು. 'ಅಲ್ಲಿ ಯಾರೂ ಗಡಿಯಾರ ಹಿಡೀಲೇ ಇಲ್ಲ ಕಣಣ್ಣ. ಆದ್ರೆ ಪಕ್ಕದೋಳು ಫೈಲ್ ತೆಗೆಯೋಕೇ ಅಷ್ಟೊತ್ತು ಒದ್ದಾಡಿದ್ಲು. ನಂದು ಒಂದೇ ಸಲಕ್ಕೆ.' ಕೆಲಸ ಸಿಕ್ಕಿತು. ಕಾಗದ ಬಂದ ದಿನ ಅವಳು ಒಂದು ಪೊಟ್ಟಣ ಸಿಹಿ ಕಟ್ಟಿಸಿಕೊಂಡು ಮಹಡಿ ಹತ್ತಿದಳು. ಅದೇ ಪೊಟ್ಟಣದ ಜೊತೆ ಇಳಿದುಬಂದಳು. ಬಾಗಿಲಿಗೆ ಬೀಗ ಹಾಕಿತ್ತು. ಪಾತ್ರೆ ಅಂಗಡಿಯವರನ್ನು ಕೇಳಿದರೆ, ರಜೆಯ ದಿನ ಸಾಮಾನು ಸಾಗಿಸಿ ವಾರವಾಯಿತು ಎಂದರು. ಮನೆ ಎಲ್ಲಿ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಸಿಹಿಯನ್ನು ನಾವೇ ತಿಂದೆವು. ನಾನೂ ತಿಂದೆ.

ಕನ್ನಡಿಯನ್ನು ನೆಟ್ಟಗೆ ಮಾಡಿದೆ. ಈಗ ಗಿರಾಕಿಗಳ ಮುಖ ಕಾಣುತ್ತಿತ್ತು, ನಡುವೆ ನನ್ನದೂ.

ಎಷ್ಟೋ ವರ್ಷದ ಮೇಲೆ ನಾನು ಅಂಗಡಿಯನ್ನು ಬನ್ನಿಮಂಟಪದ ಕಡೆಗೆ ಬದಲಾಯಿಸಿದೆ. ಆ ಹೊತ್ತಿಗೆ ಜನ ಫೋಟೋಗಳನ್ನು ಸಿ.ಡಿ.ಯಲ್ಲಿ ತರತೊಡಗಿದ್ದರು, ನಾನೂ ಒಂದು ಕಂಪ್ಯೂಟರು ಇಟ್ಟುಕೊಳ್ಳಲೇಬೇಕಾಯಿತು. ತಂಗಿ ಬಂದು ಕಲಿಸಿದಳು. ನನ್ನ ಕೈಗೆ ಸಾಕಾಗುವಷ್ಟು ಕೀಲನ್ನು ಎಡಕ್ಕೆ ಎಳೆದು ಕೊಟ್ಟಳು. ಆದರೂ ಕೈ ನಡುಗುವ ದಿನ ಫೈಲು ತೆರೆಯುವುದಿಲ್ಲ. ಅಂಥ ದಿನ ನಾನು ಡ್ರಾಯರಿನಿಂದ ಹಳೆಯ ನಾಲ್ಕಾಣೆಯೊಂದನ್ನು ತೆಗೆದು ಕೈ ಮೇಲೆ ಇಟ್ಟುಕೊಳ್ಳುತ್ತೇನೆ. ಅದು ಎಲ್ಲಿ ಕಲಿತದ್ದು ಎಂದು ತಂಗಿ ಕೇಳಿದಾಗ, 'ನೀನೇ ಹೇಳಿದ್ದೆಯಲ್ಲ' ಎಂದುಬಿಟ್ಟೆ. ನಾನು ಮೇಲೆ ಹೋಗಿದ್ದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಬೆಳಿಗ್ಗೆ ವಯಸ್ಸಾದ ಹೆಂಗಸೊಬ್ಬರು ಬಂದು ಸಿ.ಡಿ. ಕೊಟ್ಟರು. 'ನಮ್ಮೆಜಮಾನ್ರದು. ಸ್ಟುಡಿಯೋದೋರು ಎರಡು ಫೋಟೋ ಹಾಕ್ಕೊಟ್ಟಿದ್ದಾರೆ. ಯಾವ್ದು ಚೆನ್ನಾಗಿದೆಯೋ ನೋಡಿ ದೊಡ್ಡದು ಮಾಡಿ ಕಟ್ಟು ಹಾಕ್ಕೊಡಿ. ಹನ್ನೊಂದನೇ ದಿನಕ್ಕೆ ಬೇಕು.'

ಫೈಲಿನ ಮೇಲೆ ಎರಡು ಸಲ ಒತ್ತಿದೆ. ತೆರೆಯಲಿಲ್ಲ. ನಾಣ್ಯ ತೆಗೆದು ಕೈ ಮೇಲೆ ಇಟ್ಟು ಮತ್ತೆ ಒತ್ತಿದೆ. ತೆರೆಯಿತು. ಅಗಲವಾದ ವಿಭೂತಿ, ಮಾಸಲು ಬುಷ್ ಶರ್ಟು, ಕುತ್ತಿಗೆಯಲ್ಲಿ ಕಪ್ಪು ದಾರ. ಫೋಟೋದವರು ಸ್ಟಾಪ್‌ವಾಚು ಕಾಣದ ಹಾಗೆ ಎದೆಯ ಮೇಲೆ ಕತ್ತರಿಸಿದ್ದರು. ದಾರ ಮಾತ್ರ ಉಳಿದಿತ್ತು.

ಆಕೆ ಫೋಟೋ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದರು.

'ನೀವು ಇವರ ಹತ್ರ ಕಲ್ತೋರಾ?'

ಇಲ್ಲ ಎನ್ನಲು ಆಗಲಿಲ್ಲ. ನಾಣ್ಯ ಕೈ ಮೇಲೇ ಇತ್ತು. 'ಒಂದೇ ದಿನ ಕಣಮ್ಮ' ಎಂದೆ.

'ಒಂದು ದಿನ ಕಲ್ತಿದ್ದನ್ನ ಇನ್ನೂ ಮಾಡ್ತಿದ್ದೀರಲ್ಲ' ಎಂದು ಅವರು ಎದುರಿನ ಕುರ್ಚಿಯಲ್ಲಿ ಕೂತರು. 'ಇವ್ರಿಗೆ ತಿಳಿದಿದ್ರೆ ಎಷ್ಟು ಸಂತೋಷ ಪಡ್ತಿದ್ರೋ. ಲಷ್ಕರ್ ಮೊಹಲ್ಲಾದಲ್ಲಿ ಇದ್ದಕ್ಕಿದ್ದಂಗೆ ಮಕ್ಕಳೆಲ್ಲ ಬರೋದು ನಿಲ್ಲಿಸ್ಬುಟ್ರು. ನಂಗೆ ಕಲಿಸೋಕೆ ಬರಲ್ಲ, ಅದಕ್ಕೇ ಬುಟ್ಟೋದ್ರು ಅಂತ ಕೊನೇವರ್ಗೂ ಅಂತಿದ್ರು. ಯಾವ ಪಾಠ ತಪ್ಪಾಯ್ತು ಅಂತ ಹಳೇ ಚೀಟಿಗಳನ್ನೆಲ್ಲ ತೆಗೆದು ನೋಡೋರು. ನೀವು ಅಲ್ಲಿಗೆ ಬಂದೋರು. ಯಾಕೆ ಅಂತ ನಿಮ್ಗೇನಾದ್ರೂ ಗೊತ್ತಾ?'

ಮೇಷ್ಟ್ರು ಪರದೆಯಿಂದ ನೋಡುತ್ತಿದ್ದರು. ಬೀದಿಯ ಮಾತು ಅವರ ಕಿವಿಗೆ ಬಿದ್ದೇ ಇರಲಿಲ್ಲ. ಅವರು ಅನುಮಾನ ಪಟ್ಟದ್ದು ತಮ್ಮ ಮೇಲೆ ಮಾತ್ರ.

'ನಂಗೇನ್ ಗೊತ್ತಮ್ಮ' ಎಂದೆ.

'ಹೋಗ್ಲಿ ಬುಡಿ. ಇನ್ನೊಂದು ಫೋಟೋ ಇದೆಯಲ್ಲ, ಅದನ್ನೂ ತೆಗೀರಿ.'

ಒತ್ತಿದೆ. ನಾಣ್ಯ ಜಾರಿ ನೆಲಕ್ಕೆ ಬಿದ್ದು ಉರುಳಿತು. ನಾನು ಏಳುವ ಮೊದಲೇ ಅವರು ಬಗ್ಗಿ ಗಾಜಿನ ಚೂರುಗಳ ನಡುವಿನಿಂದ ಅದನ್ನು ಎತ್ತಿಕೊಂಡರು. ಸೆರಗಿನಿಂದ ಒರೆಸಿದರು. ಎರಡು ಬೆರಳಿನಲ್ಲಿ ಹಿಡಿದು, ಜೋಪಾನವಾಗಿ, ನನ್ನ ಕೈ ಮೇಲೆ ಇಟ್ಟರು.

'ಪರವಾಗಿಲ್ಲ, ಮೊದಮೊದಲು ಎಲ್ರುದೂ ಬೀಳುತ್ತೆ ಅನ್ನೋರು' ಎಂದರು. 'ಈಗ ಒತ್ತಿ.'

ನಾನು ಒತ್ತುವುದನ್ನು ಕಾಯುತ್ತಾ ಅವರು ಹಾಗೇ ನಿಂತಿದ್ದರು.